ಟೆಕ್ಸಸ್‌ನಲ್ಲಿ ಶಾಲಾ ಶಿಕ್ಷಕರಾಗುವುದು ಹೇಗೆ: ಆಲ್ಟರ್ನೇಟಿವ್ ಸರ್ಟಿಫಿಕೇಷನ್ ದಾರಿಯ ವಿವರ

ಅಮೆರಿಕದ ಟೆಕ್ಸಸ್ ರಾಜ್ಯದ ಪಬ್ಲಿಕ್ ಸ್ಕೂಲುಗಳಲ್ಲಿ, ಅಂದರೆ ಸರ್ಕಾರಿ ಶಾಲೆಗಳಲ್ಲಿ, ಪಾಠ ಮಾಡಲು ಮತ್ತೊಮ್ಮೆ ನಾಲ್ಕು ವರ್ಷ ಕಾಲೇಜಿಗೆ ಹೋಗಿ ಶಿಕ್ಷಣ ಪದವಿ ಪಡೆಯಬೇಕಾಗಿಲ್ಲ. ಬ್ಯಾಚುಲರ್ ಪದವಿ ಇರುವವರು ರಾಜ್ಯದ ಮಾನ್ಯತೆ ಇರುವ ತರಬೇತಿ ಕಾರ್ಯಕ್ರಮವೊಂದಕ್ಕೆ ಸೇರಿ, ನಿಗದಿತ ಪರೀಕ್ಷೆಗಳನ್ನು ಪಾಸು ಮಾಡಿ, ಸಂಬಳ ಪಡೆಯುತ್ತಲೇ ಒಂದು ವರ್ಷ ತರಗತಿ ನಡೆಸಿ ಪೂರ್ಣ ಪ್ರಮಾಣದ ಸರ್ಟಿಫಿಕೇಟ್ ಗಳಿಸಬಹುದು. 1985ರಲ್ಲಿ ಹ್ಯೂಸ್ಟನ್ ಶಾಲಾ ಜಿಲ್ಲೆಯಲ್ಲಿ ಶಿಕ್ಷಕರ ಕೊರತೆ ನೀಗಿಸಲೆಂದು ಆರಂಭವಾದ ಈ ವ್ಯವಸ್ಥೆ ಇಂದು ರಾಜ್ಯಕ್ಕೆ ಹೊಸ ಶಿಕ್ಷಕರನ್ನು ಒದಗಿಸುವ ದೊಡ್ಡ ದಾರಿಗಳಲ್ಲಿ ಒಂದಾಗಿದೆ.

ಪ್ಲೇನೋ, ಫ್ರಿಸ್ಕೋ, ಅರ್ವಿಂಗ್, ಕೇಟಿ, ರೌಂಡ್ ರಾಕ್ ಮುಂತಾದ ಊರುಗಳ ಕನ್ನಡದ ಮನೆಗಳಲ್ಲಿ ಬಿಇ, ಎಂಎಸ್ಸಿ ಓದಿ, ಊರಿನಲ್ಲಿ ಪಿಯು ಕಾಲೇಜಿನಲ್ಲೋ ಇಂಜಿನಿಯರಿಂಗ್ ಕಾಲೇಜಿನಲ್ಲೋ ಪಾಠ ಮಾಡಿ ಬಂದವರು ಹಲವರಿದ್ದಾರೆ. ಅವರಿಗೆ ವಿಷಯಜ್ಞಾನಕ್ಕೆ ಕೊರತೆಯಿಲ್ಲ. ಆದರೆ ಯಾವ ಕಾಗದ ಮೊದಲು, ಯಾವ ಪರೀಕ್ಷೆ ಆಮೇಲೆ, ಎಲ್ಲಿ ಹಣ ಕಟ್ಟಬೇಕು, ಎಲ್ಲಿ ತಾಳಬೇಕು ಎಂಬ ಕ್ರಮ ತಿಳಿಯದೆ ವರ್ಷಗಳು ಕಳೆದುಹೋಗುತ್ತವೆ. ಈ ದಾರಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಕೆಲಸಕ್ಕೆ ಬೇಗ ಸೇರಿಸುತ್ತದೆಯೇ ಹೊರತು ಶಿಕ್ಷಕರನ್ನು ಬೇಗ ತಯಾರು ಮಾಡುವುದಿಲ್ಲ. ಕಲಿಕೆಯ ಹೆಚ್ಚಿನ ಪಾಲು ಮಕ್ಕಳ ಮುಂದೆ ನಿಂತ ಮೊದಲ ವರ್ಷದಲ್ಲೇ ನಡೆಯುವುದರಿಂದ, ಆ ವರ್ಷದಲ್ಲಿ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದನ್ನು ನೋಡಿಕೊಂಡೇ ಉಳಿದ ತೀರ್ಮಾನಗಳನ್ನು ಮಾಡಬೇಕು.

ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೂ ತಿಳಿದಿರಬೇಕು. ನಿಯಮ ರೂಪಿಸುವುದು ಸ್ಟೇಟ್ ಬೋರ್ಡ್ ಫಾರ್ ಎಜುಕೇಟರ್ ಸರ್ಟಿಫಿಕೇಷನ್. ಅದನ್ನು ಜಾರಿ ಮಾಡುವುದು ಟೆಕ್ಸಸ್ ಎಜುಕೇಷನ್ ಏಜೆನ್ಸಿ, ಎಲ್ಲರ ಬಾಯಲ್ಲಿ ಟಿಇಎ. ತರಬೇತಿ ಕಾರ್ಯಕ್ರಮ ನಿಮ್ಮನ್ನು ಸರ್ಟಿಫಿಕೇಟಿಗೆ ಶಿಫಾರಸು ಮಾಡುತ್ತದೆ, ಕೊಡುವುದು ರಾಜ್ಯ. ನೇಮಕ ಮಾಡಿಕೊಳ್ಳುವುದು ಆಯಾ ಊರಿನ ಶಾಲೆಗಳನ್ನು ನಡೆಸುವ ಸ್ವತಂತ್ರ ಶಾಲಾ ಜಿಲ್ಲೆ, ಅಂದರೆ ಐಎಸ್‌ಡಿ. ರಾಜ್ಯ, ಕಾರ್ಯಕ್ರಮ, ಜಿಲ್ಲೆ ಈ ಮೂವರ ಕೆಲಸ ಬೇರೆ ಬೇರೆ ಎಂಬುದು ನೆನಪಿನಲ್ಲಿದ್ದರೆ ಯಾವ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಇಲ್ಲಿ ಹೇಳುವ ಅಂಕಿಗಳನ್ನು ಅರ್ಜಿ ಹಾಕುವ ದಿನ ಟಿಇಎ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಮೊದಲು ಕೆಲಸದ ಪರವಾನಗಿ

ಎಚ್-1ಬಿ ಕೆಲಸದ ವೀಸಾ ಪಡೆದವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ತರಗತಿಗಳಿಗೆ ಸೇರಿ ಓದಬಹುದು, ಪರೀಕ್ಷೆ ಬರೆಯಬಹುದು. ಆದರೆ ಸಂಬಳದ ಇಂಟರ್ನ್‌ಷಿಪ್, ಅಂದರೆ ಮೇಲೆ ಹೇಳಿದ ಒಂದು ವರ್ಷದ ಪಾಠ, ಮಾಡಬೇಕಾದರೆ ಕೆಲಸಕ್ಕೆ ಅನುಮತಿ ಕೊಡುವ ಇಎಡಿ ಕಾರ್ಡ್ ಕೈಯಲ್ಲಿರಲೇಬೇಕು. 2015ರ ಮೇ 26ರಿಂದ ಜಾರಿಗೆ ಬಂದ ನಿಯಮದಂತೆ ಸಂಗಾತಿಯ ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿಗೆ ಒಪ್ಪಿಗೆ ಸಿಕ್ಕಿದ್ದರೆ ಸಾಮಾನ್ಯವಾಗಿ ಇಎಡಿಗೆ ಅರ್ಜಿ ಹಾಕಬಹುದು. ಇಎಡಿ ಇಲ್ಲದವರು ಇಂಟರ್ನ್‌ಷಿಪ್ ಬದಲು ಬೇರೊಬ್ಬ ಶಿಕ್ಷಕರ ತರಗತಿಯಲ್ಲಿ ಪಾಠ ಮಾಡಿ ಕಲಿಯುವ, ಸಂಬಳವಿಲ್ಲದ ಕ್ಲಿನಿಕಲ್ ಟೀಚಿಂಗ್ ಕೂಡ ಮಾಡಬಹುದೇ ಎಂಬುದನ್ನು ವಲಸೆ ವಕೀಲರೊಬ್ಬರಲ್ಲಿ ಕೇಳಿಯೇ ಮುಂದುವರಿಯಬೇಕು. ಸಂಬಳ ಪಡೆಯುವುದಿಲ್ಲವಾದ್ದರಿಂದ ತೊಂದರೆಯಿಲ್ಲ ಎಂದು ಸ್ನೇಹಿತರು ಹೇಳುವ ಮಾತನ್ನು ನಂಬಿ ಹೆಜ್ಜೆ ಇಡುವ ವಿಷಯ ಇದಲ್ಲ.

ಇಎಡಿ ಇರುವವರು ಅದರ ಮುಕ್ತಾಯದ ದಿನಾಂಕವನ್ನು ಶಾಲಾ ವರ್ಷದ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಬೇಕು. ಶಾಲೆ ಆಗಸ್ಟಿನಲ್ಲಿ ಆರಂಭವಾಗಿ ಮೇ ಕೊನೆಯವರೆಗೆ ನಡೆಯುತ್ತದೆ. ನಡುವೆ ಕಾರ್ಡ್ ಮುಗಿದರೆ ಪಾಠ ನಿಲ್ಲುತ್ತದೆ, ಇಂಟರ್ನ್‌ಷಿಪ್ ಕೂಡ ತುಂಡಾಗುತ್ತದೆ. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ನವೀಕರಣ ಅರ್ಜಿಗಳಿಗೆ ಹಿಂದೆ ಸಿಗುತ್ತಿದ್ದ ತಾನಾಗಿಯೇ ಮುಂದುವರಿಯುವ ಸೌಲಭ್ಯವನ್ನು ಅಮೆರಿಕದ ಕೇಂದ್ರ ಸರ್ಕಾರ ನಿಲ್ಲಿಸಿದೆ. ಮುಗಿಯುವುದಕ್ಕೆ 180 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಲು ಅವಕಾಶವಿದ್ದು, ಆ ಬಾಗಿಲು ತೆರೆದ ವಾರದಲ್ಲೇ ಅರ್ಜಿ ಕಳಿಸಿಬಿಡುವುದು ಕ್ಷೇಮ.

ಮಾರ್ಕ್ಸ್ ಕಾರ್ಡುಗಳ ಮೌಲ್ಯಮಾಪನ

ಕರ್ನಾಟಕದಲ್ಲಿ ಓದಿದವರಿಗೆ ಹೆಚ್ಚು ಸಮಯ ತಿನ್ನುವ ಹಂತ ಇದು. ವಿದೇಶಿ ಪದವಿಯನ್ನು ಟಿಇಎ ಒಪ್ಪಿದ ಮೌಲ್ಯಮಾಪನ ಸಂಸ್ಥೆಯೊಂದರಿಂದ ಪರಿಶೀಲನೆ ಮಾಡಿಸಬೇಕು. ಆ ಸಂಸ್ಥೆಗಳ ಪಟ್ಟಿ ಟಿಇಎ ಜಾಲತಾಣದಲ್ಲಿದೆ. ವೀಸಾ ಕೆಲಸಕ್ಕೆಂದು ಹಿಂದೆ ಯಾವುದೋ ಸಂಸ್ಥೆಯಿಂದ ಮಾಡಿಸಿಟ್ಟ ವರದಿ ಇಲ್ಲಿ ನಡೆಯುತ್ತದೆ ಎಂದು ಭಾವಿಸಬೇಡಿ. ಪದವಿಯ ಸಮಾನತೆಯನ್ನಷ್ಟೇ ಹೇಳುವ ಒಂದು ಪುಟದ ವರದಿ ಸಾಲದು. ಪ್ರತಿ ವಿಷಯಕ್ಕೆ ಎಷ್ಟು ಕ್ರೆಡಿಟ್, ಯಾವ ಗ್ರೇಡ್ ಎಂದು ಸಾಲುಸಾಲಾಗಿ ತೋರಿಸುವ ಕೋರ್ಸ್-ಬೈ-ಕೋರ್ಸ್ ವರದಿಯೇ ಬೇಕು.

ಆ ವರದಿಯಿಂದ ಎರಡು ಸಂಗತಿಗಳು ನಿರ್ಧಾರವಾಗುತ್ತವೆ. ಒಂದು, ನಿಮ್ಮ ಜಿಪಿಎ. 4ರ ಅಳತೆಯಲ್ಲಿ ಒಟ್ಟಾರೆಯಾಗಲಿ ಕೊನೆಯ 60 ಕ್ರೆಡಿಟ್‌ಗಳಲ್ಲಾಗಲಿ 2.5 ಇರಬೇಕು. ಎರಡು, ನೀವು ಕಲಿಸಬೇಕೆಂದಿರುವ ವಿಷಯದಲ್ಲಿ ಎಷ್ಟು ಕ್ರೆಡಿಟ್ ಇದೆ ಎಂಬುದು. ಸಾಮಾನ್ಯ ನಿಯಮ 12 ಕ್ರೆಡಿಟ್. ಏಳನೇ ತರಗತಿಯಿಂದ ಮೇಲಿನ ಗಣಿತ ಮತ್ತು ವಿಜ್ಞಾನಕ್ಕೆ 15. ವಿಟಿಯು ಬಿಇ ಓದಿದವರನ್ನು ತೆಗೆದುಕೊಳ್ಳಿ: ಹಳೆಯ ಸಿಲಬಸ್ಸಿನಲ್ಲಿ ಎಂ-1ರಿಂದ ಎಂ-4ರವರೆಗೆ ನಾಲ್ಕು ಗಣಿತ ಪತ್ರಿಕೆಗಳನ್ನು ಬರೆದಿರುತ್ತಾರೆ. ಅವೇ ನಾಲ್ಕು ಪತ್ರಿಕೆಗಳು ಅಮೆರಿಕದ ಲೆಕ್ಕಕ್ಕೆ ಬಂದಾಗ 15ರ ಗೆರೆಯ ಆಚೆಯೋ ಈಚೆಯೋ ನಿಲ್ಲಬಹುದು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಕಂಟ್ರೋಲ್ ಸಿಸ್ಟಮ್ಸ್ ಮುಂತಾದವುಗಳಲ್ಲಿ ಗಣಿತವೇ ತುಂಬಿದ್ದರೂ ವರದಿಯಲ್ಲಿ ಅವು ಇಂಜಿನಿಯರಿಂಗ್ ವಿಷಯಗಳಾಗಿಯೇ ಬರುತ್ತವೆ. ಕ್ರೆಡಿಟ್ ಕಡಿಮೆ ಬಿದ್ದರೆ ಗಾಬರಿ ಬೇಡ. ಪ್ರೀ-ಅಡ್ಮಿಷನ್ ಕಂಟೆಂಟ್ ಟೆಸ್ಟ್ ಎಂಬ ಪ್ರವೇಶಪೂರ್ವ ಪರೀಕ್ಷೆಯನ್ನು ಪಾಸು ಮಾಡಿ ಆ ಕೊರತೆ ತುಂಬಿಕೊಳ್ಳಬಹುದು. ಆದರೆ ಅದು ಕಾರ್ಯಕ್ರಮದೊಳಕ್ಕೆ ಬಿಡುವ ಪರೀಕ್ಷೆ ಮಾತ್ರ. ಸರ್ಟಿಫಿಕೇಟಿಗೆ ಬೇಕಾದ ವಿಷಯ ಪರೀಕ್ಷೆಯನ್ನು ಆಮೇಲೆ ಪ್ರತ್ಯೇಕವಾಗಿ ಬರೆಯಲೇಬೇಕು.

ಮೂರು ವರ್ಷದ ಬಿಎಸ್ಸಿ, ಬಿಎ, ಬಿಕಾಂ ಓದಿದವರು ಇನ್ನೂ ಎಚ್ಚರದಿಂದಿರಬೇಕು. ಮೂರು ವರ್ಷದ ಪದವಿಯನ್ನು ಅಮೆರಿಕದ ನಾಲ್ಕು ವರ್ಷದ ಬ್ಯಾಚುಲರ್ ಪದವಿಗೆ ಸಮ ಎಂದು ಎಲ್ಲ ಮೌಲ್ಯಮಾಪನ ಸಂಸ್ಥೆಗಳೂ ಒಪ್ಪುವುದಿಲ್ಲ. ಎಂಎಸ್ಸಿ, ಎಂಎ ಅಥವಾ ಬಿಎಡ್ ಇದ್ದರೆ ಅವುಗಳ ಅಂಕಪಟ್ಟಿಗಳನ್ನೂ ಸೇರಿಸಿ ಒಂದೇ ಬಾರಿಗೆ ಕಳಿಸಿ, ಮತ್ತು ಹಣ ಕಟ್ಟುವ ಮೊದಲು ಇಂಥ ಪದವಿಗಳನ್ನು ಹೇಗೆ ಪರಿಗಣಿಸುತ್ತೀರಿ ಎಂದು ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಊರಿನಲ್ಲಿ ಬಿಎಡ್ ಮಾಡಿ ಶಾಲೆಯಲ್ಲಿ ಪಾಠ ಮಾಡಿದ ಅನುಭವವೂ ಇರುವವರು, ಬೇರೆ ದೇಶದ ಶಿಕ್ಷಕರಿಗೆಂದು ಟಿಇಎ ಇಟ್ಟಿರುವ ದಾಖಲೆ ಪರಿಶೀಲನೆಯ ಪ್ರತ್ಯೇಕ ದಾರಿ ತಮಗೆ ಅನ್ವಯಿಸುತ್ತದೆಯೇ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೆಸರಿನ ತೊಡಕು ನಮ್ಮವರಿಗೆ ತಪ್ಪಿದ್ದಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇರುತ್ತದೆ; ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಸರ್‌ನೇಮ್ ಆಗಿರುತ್ತದೆ; ಮದುವೆಯ ನಂತರ ಮಾಡಿಸಿದ ಕಾಗದಗಳಲ್ಲಿ ಗಂಡನ ಹೆಸರು ಸೇರಿರುತ್ತದೆ. ಮೂರೂ ಒಬ್ಬರದೇ ಹೆಸರು ಎಂದು ತೋರಿಸಲು ಮದುವೆ ನೋಂದಣಿ ಪತ್ರ, ಹಳೆಯ ಪಾಸ್‌ಪೋರ್ಟಿನ ಪ್ರತಿ ಅಥವಾ ಅಫಿಡವಿಟ್ ಮೊದಲೇ ಸಿದ್ಧವಿರಲಿ. ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ತರಿಸಬೇಕಾಗಿ ಬಂದರೆ, ಊರಿನಲ್ಲಿರುವ ಅಣ್ಣನೋ ತಂಗಿಯೋ ಕಚೇರಿಗೆ ಖುದ್ದಾಗಿ ಹೋಗಿ ಬರುವ ಏರ್ಪಾಡು ಮಾಡಿಕೊಂಡವರ ಕೆಲಸ ಬೇಗ ಆಗುತ್ತದೆ. ಟೆಕ್ಸಸ್‌ನ ಎಲ್ಲ ಅರ್ಜಿಗಳಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ ಬಳಸಿ. ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯಲ್ಲಿಯೂ ಅದೇ ಹೆಸರಿರಬೇಕು.

ಇಂಗ್ಲಿಷ್ ಪ್ರಾವೀಣ್ಯದ ಪುರಾವೆಯೂ ಈ ಹಂತದಲ್ಲೇ ಬರುತ್ತದೆ. ಅಮೆರಿಕದಲ್ಲಿ ಪದವಿ ಪಡೆದವರಿಗೆ, ಹಾಗೆಯೇ ರಾಜ್ಯದ ಪಟ್ಟಿಯಲ್ಲಿರುವ ದೇಶಗಳಲ್ಲಿ ಓದಿದವರಿಗೆ ವಿನಾಯಿತಿ ಇದೆ. ಉಳಿದವರು ಟೋಫೆಲ್ ಬರೆಯಬೇಕು. ಟೆಕ್ಸಸ್ ನಿಯಮ ಬಹುಕಾಲದಿಂದ ಕೇಳುತ್ತಿರುವ ಅಂಕಗಳು ಮಾತಿಗೆ 24, ಆಲಿಸುವಿಕೆಗೆ 22, ಓದಿಗೆ 22, ಬರವಣಿಗೆಗೆ 21. ಪಟ್ಟಿಯನ್ನು ನೋಡದೆ ಟೋಫೆಲ್‌ಗೆ ಹಣ ಕಟ್ಟಬೇಡಿ.

ಯಾವ ವಿಷಯ, ಯಾವ ತರಗತಿ

ಟೆಕ್ಸಸ್ ಸರ್ಟಿಫಿಕೇಟ್ ವಿಷಯಕ್ಕೂ ತರಗತಿಗಳ ಗುಂಪಿಗೂ ಸೇರಿಯೇ ಸಿಗುತ್ತದೆ. ಗಣಿತ 4–8 ಒಂದು, ಗಣಿತ 7–12 ಇನ್ನೊಂದು. ಎಲಿಮೆಂಟರಿಗೆ ಎಲ್ಲ ವಿಷಯಗಳನ್ನೂ ಒಳಗೊಂಡ ಕೋರ್ ಸಬ್ಜೆಕ್ಟ್ಸ್ ಇದೆ. ಕಂಪ್ಯೂಟರ್ ಸೈನ್ಸ್, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ ಪ್ರತ್ಯೇಕ ಸರ್ಟಿಫಿಕೇಟುಗಳಿವೆ. ಸ್ವಂತ ಮಕ್ಕಳು ಎಲಿಮೆಂಟರಿಯಲ್ಲಿ ಓದುತ್ತಿರುವ ಕಾರಣಕ್ಕೆ ಹಲವರು ಎಲಿಮೆಂಟರಿಯನ್ನೇ ಆರಿಸಿಕೊಳ್ಳುತ್ತಾರೆ. ಅದು ಸುಲಭದ ಆಯ್ಕೆಯೆಂದು ಕಂಡರೂ ಹಾಗಲ್ಲ. ಅಲ್ಲಿ ಹಲವು ವಿಷಯಗಳ ಉಪಪರೀಕ್ಷೆಗಳಿರುತ್ತವೆ, ಜೊತೆಗೆ 2021ರ ಜನವರಿಯಿಂದ ಸೈನ್ಸ್ ಆಫ್ ಟೀಚಿಂಗ್ ರೀಡಿಂಗ್ ಎಂಬ ಪರೀಕ್ಷೆ ಕಡ್ಡಾಯವಾಗಿದೆ. ಇಂಗ್ಲಿಷ್ ಓದಲು ಬಾರದ ಮಗುವಿಗೆ ಅಕ್ಷರದಿಂದ ಧ್ವನಿಗೆ, ಧ್ವನಿಯಿಂದ ಪದಕ್ಕೆ ಹೇಗೆ ಕರೆದೊಯ್ಯಬೇಕೆಂಬುದನ್ನು ಆ ಪರೀಕ್ಷೆ ಆಳವಾಗಿ ಕೇಳುತ್ತದೆ. ಕೊನೆಯಲ್ಲಿ ಒಂದು ಲಿಖಿತ ವಿಶ್ಲೇಷಣೆಯನ್ನೂ ಬರೆಯಬೇಕು. ಬರೆದ ಹಾಗೆಯೇ ಓದುವ ಕನ್ನಡದ ಲಿಪಿಯಲ್ಲಿ ಕಲಿತು ಬೆಳೆದವರು ಇಂಗ್ಲಿಷ್ ಫೋನಿಕ್ಸ್ ಅನ್ನು ಹೊಸದಾಗಿಯೇ ಅಭ್ಯಾಸ ಮಾಡಬೇಕಾಗುತ್ತದೆ.

ಗಣಿತ, ವಿಜ್ಞಾನ, ವಿಶೇಷ ಶಿಕ್ಷಣಗಳಲ್ಲಿ ಶಿಕ್ಷಕರ ಕೊರತೆ ಮೊದಲಿನಿಂದಲೂ ಇದೆ. ಕೆಲಸ ಸಿಗುವ ಸಂಭವ ಅಲ್ಲೇ ಹೆಚ್ಚು. ಇಂಜಿನಿಯರಿಂಗ್ ಹಿನ್ನೆಲೆಯವರಿಗೆ ಗಣಿತ 4–8 ಅಥವಾ 7–12 ಉತ್ತಮ ಆರಂಭ ಎಂಬುದು ನನ್ನ ಅನಿಸಿಕೆ. ಒಮ್ಮೆ ಸ್ಟ್ಯಾಂಡರ್ಡ್, ಅಂದರೆ ಪೂರ್ಣ ಪ್ರಮಾಣದ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಬಹುತೇಕ ವಿಷಯಗಳನ್ನು ಬರೀ ಪರೀಕ್ಷೆ ಬರೆದು ಸೇರಿಸಿಕೊಳ್ಳಬಹುದಾದ್ದರಿಂದ, ಮೊದಲ ಆಯ್ಕೆ ಜೀವಮಾನದ ಆಯ್ಕೆಯೇನಲ್ಲ. ಕಂಪ್ಯೂಟರ್ ಸೈನ್ಸ್ ಹುದ್ದೆಗಳು ಒಂದು ಹೈಸ್ಕೂಲಿಗೆ ಒಂದೋ ಎರಡೋ ಇರುತ್ತವೆ, ಗಣಿತದ ಶಿಕ್ಷಕರು ಅದೇ ಶಾಲೆಯಲ್ಲಿ ಹತ್ತಾರು ಮಂದಿ ಇರುತ್ತಾರೆ ಎಂಬುದನ್ನೂ ಗಮನಿಸಿ.

ಕಾರ್ಯಕ್ರಮ ಆರಿಸುವುದು

ಕಾರ್ಯಕ್ರಮಗಳನ್ನು ನಡೆಸುವವರು ಮೂರು ಬಗೆಯವರು: ವಿಶ್ವವಿದ್ಯಾಲಯಗಳು, ರಾಜ್ಯದ ಪ್ರಾದೇಶಿಕ ಶಿಕ್ಷಣ ಸೇವಾ ಕೇಂದ್ರಗಳು, ಮತ್ತು ಖಾಸಗಿ ಸಂಸ್ಥೆಗಳು. ಟೆಕ್ಸಸ್‌ನಲ್ಲಿ ಇಂಥ ಸೇವಾ ಕೇಂದ್ರಗಳು ಒಟ್ಟು 20. ಹ್ಯೂಸ್ಟನ್ ಭಾಗಕ್ಕೆ ರೀಜನ್ 4, ಡಲ್ಲಾಸ್ ಭಾಗಕ್ಕೆ ರಿಚರ್ಡ್‌ಸನ್‌ನಲ್ಲಿರುವ ರೀಜನ್ 10, ಆಸ್ಟಿನ್‌ಗೆ ರೀಜನ್ 13, ಸ್ಯಾನ್ ಆಂಟೋನಿಯೋಗೆ ರೀಜನ್ 20. ಶುಲ್ಕ ಕೆಲವು ಸಾವಿರ ಡಾಲರುಗಳಷ್ಟಾಗುತ್ತದೆ. ಹೆಚ್ಚಿನ ಕಡೆ ಆರಂಭದಲ್ಲಿ ಸ್ವಲ್ಪ ಕಟ್ಟಿಸಿಕೊಂಡು ಉಳಿದದ್ದನ್ನು ಇಂಟರ್ನ್‌ಷಿಪ್ ವರ್ಷದಲ್ಲಿ ತಿಂಗಳ ಕಂತಾಗಿ ಪಡೆಯುತ್ತಾರೆ.

ಜಾಹೀರಾತಿನ ಫಲಕಗಳಲ್ಲಿ ಎದ್ದು ಕಾಣುವುದು ಕಡಿಮೆ ಮುಂಗಡ ಮತ್ತು ಬೇಗ ಮುಗಿಸುವ ಭರವಸೆ. ಇವೆರಡನ್ನೂ ಪಕ್ಕಕ್ಕಿಟ್ಟು, ಸೇರುವ ಮೊದಲು ಈ ಪ್ರಶ್ನೆಗಳನ್ನು ಕೇಳಿ: ನನ್ನ ಪಾಠ ನೋಡಲು ಕಾರ್ಯಕ್ರಮ ನೇಮಿಸುವ ಫೀಲ್ಡ್ ಸೂಪರ್‌ವೈಸರ್ ತರಗತಿಗೆ ಖುದ್ದಾಗಿ ಬರುತ್ತಾರೆಯೇ ಅಥವಾ ವಿಡಿಯೊದಲ್ಲಿ ನೋಡುತ್ತಾರೆಯೇ? ಅವರು ನನ್ನ ವಿಷಯವನ್ನು, ಅದೇ ವಯಸ್ಸಿನ ಮಕ್ಕಳಿಗೆ ಕಲಿಸಿದ ಅನುಭವಿಗಳೇ? ಒಬ್ಬರ ಕೆಳಗೆ ಎಷ್ಟು ಮಂದಿ ಇಂಟರ್ನ್‌ಗಳಿರುತ್ತಾರೆ? ಕೆಲಸ ಸಿಗದಿದ್ದರೆ, ಅಥವಾ ಅರ್ಧ ವರ್ಷದಲ್ಲಿ ಕೆಲಸ ಹೋದರೆ, ಕಟ್ಟಿದ ಹಣದ ಗತಿಯೇನು? ಉತ್ತರ ಬಾಯಿಮಾತಿನಲ್ಲಿ ಬೇಡ, ಒಪ್ಪಂದದ ಕಾಗದದಲ್ಲಿ ತೋರಿಸಲಿ. ಪ್ರತಿ ಕಾರ್ಯಕ್ರಮಕ್ಕೂ ರಾಜ್ಯ ನೀಡುವ ಮಾನ್ಯತಾ ಸ್ಥಿತಿ, ಅಂದರೆ ಮಾನ್ಯ, ಎಚ್ಚರಿಕೆಗೆ ಒಳಪಟ್ಟಿದೆ, ಪ್ರೊಬೇಷನ್‌ನಲ್ಲಿದೆ ಎಂಬ ದರ್ಜೆ, ಅಭ್ಯರ್ಥಿಗಳ ಪಾಸ್ ಪ್ರಮಾಣದೊಂದಿಗೆ ಟಿಇಎ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿದೆ. ಗಣಿತದ ಪಾಸ್ ಪ್ರಮಾಣ ತಿಳಿಯಬೇಕಾದರೆ ಒಟ್ಟು ಅಂಕಿಯನ್ನು ನೋಡಬೇಡಿ, ಗಣಿತದ ಸಾಲನ್ನೇ ನೋಡಿ.

ಪರೀಕ್ಷೆಗಳು

ಪ್ರವೇಶ ಸಿಕ್ಕ ಮೇಲೆ ಟಿಇಎ ಜಾಲತಾಣದಲ್ಲಿ ಖಾತೆ ತೆರೆದು ಗುರುತಿನ ಸಂಖ್ಯೆ ಪಡೆಯಬೇಕು. ಕಾರ್ಯಕ್ರಮ ನಿಮ್ಮ ಹೆಸರಿಗೆ ಅನುಮತಿ ಕೊಟ್ಟ ನಂತರವಷ್ಟೇ ಟೆಕ್ಸೆಸ್ ಎಂಬ ರಾಜ್ಯದ ಶಿಕ್ಷಕ ಪರೀಕ್ಷೆಗೆ ನೋಂದಾಯಿಸಿಕೊಳ್ಳಲಾಗುತ್ತದೆ. ಪರೀಕ್ಷೆಯನ್ನು ನಡೆಸುವುದು ಪಿಯರ್ಸನ್ ಸಂಸ್ಥೆ. ಬಹುತೇಕ ಪರೀಕ್ಷೆಗಳ ಶುಲ್ಕ 116 ಡಾಲರ್. ಅಂಕ 100ರಿಂದ 300ರ ಅಳತೆಯಲ್ಲಿ ಬರುತ್ತದೆ, ಪಾಸಾಗಲು 240 ಬೇಕು. ಒಂದು ಪರೀಕ್ಷೆಯನ್ನು ಒಟ್ಟು ಐದು ಬಾರಿ ಮಾತ್ರ ಬರೆಯಬಹುದಾದ್ದರಿಂದ, ಹೇಗಿದೆ ನೋಡೋಣ ಎಂದು ತಯಾರಿಯಿಲ್ಲದೆ ಹೋಗಿ ಕೂರುವುದು ಬೇಡ.

ಗಣಿತ 7–12 ಪರೀಕ್ಷೆ ಐದು ಗಂಟೆಯದು, 100 ಪ್ರಶ್ನೆಗಳು. ಇಂಜಿನಿಯರ್‌ಗಳು ಕ್ಯಾಲ್ಕುಲಸ್‌ನಲ್ಲಿ ಎಡವುವುದಿಲ್ಲ. ಪಿಯುಸಿಯ ನಂತರ ಮುಟ್ಟದ ರೇಖಾಗಣಿತ, ಸಂಭವನೀಯತೆ, ಸಂಖ್ಯಾಶಾಸ್ತ್ರ, ಮತ್ತು ಗಣಿತವನ್ನು ಮಗುವಿಗೆ ಹೇಗೆ ಕಲಿಸುತ್ತೀರಿ ಎಂದು ಕೇಳುವ ಪ್ರಶ್ನೆಗಳು ತೊಡಕಾಗುತ್ತವೆ. ವಿದ್ಯಾರ್ಥಿಯೊಬ್ಬ ಭಿನ್ನರಾಶಿಯನ್ನು ತಪ್ಪಾಗಿ ಕೂಡಿದ ಉತ್ತರವನ್ನು ಕೊಟ್ಟು, ಅವನು ಏನು ತಪ್ಪು ತಿಳಿದಿದ್ದಾನೆ, ಮುಂದೇನು ಮಾಡುವಿರಿ ಎಂದು ಕೇಳುವಲ್ಲಿ ಸರಿಯುತ್ತರ ಗೊತ್ತಿದ್ದರಷ್ಟೇ ಸಾಲುವುದಿಲ್ಲ.

ಎರಡನೆಯದು ಪೆಡಗಾಜಿ ಅಂಡ್ ಪ್ರೊಫೆಷನಲ್ ರೆಸ್ಪಾನ್ಸಿಬಿಲಿಟೀಸ್, ಎಲ್ಲರೂ ಹೇಳುವಂತೆ ಪಿಪಿಆರ್. ಇದೂ ಐದು ಗಂಟೆಯ, 100 ಪ್ರಶ್ನೆಗಳ ಪರೀಕ್ಷೆ. ನಮ್ಮಲ್ಲಿ ಶಿಸ್ತು ಎಂದರೆ ಶಿಕ್ಷಕರ ಮಾತಿಗೆ ಎದುರಾಡದಿರುವುದು ಎಂಬ ತಿಳಿವಳಿಕೆಯಲ್ಲಿ ಬೆಳೆದವರು ಆರಿಸುವ ಉತ್ತರ ಇಲ್ಲಿ ಅನೇಕ ಬಾರಿ ತಪ್ಪಾಗುತ್ತದೆ. ಮಗುವನ್ನು ತರಗತಿಯ ಮುಂದೆ ಗದರುವುದು, ಕೂಡಲೇ ಪ್ರಾಂಶುಪಾಲರ ಕೋಣೆಗೆ ಕಳಿಸುವುದು, ಒಂದೇ ಪಾಠವನ್ನು ಎಲ್ಲರಿಗೂ ಒಂದೇ ರೀತಿ ಹೇಳುವುದು ಇವು ಸರಿಯುತ್ತರವಾಗುವುದು ಅಪರೂಪ. ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತಾಡುವ, ಕಾರಣ ಹುಡುಕುವ, ಕಲಿಕೆಯ ಮಟ್ಟಕ್ಕೆ ತಕ್ಕಂತೆ ಪಾಠ ಬದಲಿಸುವ, ಮಗುವಿನ ದಾಖಲೆಗಳನ್ನು ಗೋಪ್ಯವಾಗಿಡುವ ಉತ್ತರಗಳನ್ನು ಆ ಪರೀಕ್ಷೆ ಬಯಸುತ್ತದೆ. ಪರೀಕ್ಷೆಗಾಗಿ ಹಾಗೆ ಉತ್ತರಿಸಿದರೆ ಸಾಲದು, ತರಗತಿಯಲ್ಲಿ ನಡೆಯಬೇಕಾದದ್ದೂ ಹಾಗೆಯೇ.

ಕೆಲಸಕ್ಕೆ ಮುನ್ನ

ಬಹುಕಾಲದಿಂದ ಇರುವ ನಿಯಮದಂತೆ ಒಟ್ಟು ತರಬೇತಿ ಕನಿಷ್ಠ 300 ಗಂಟೆಗಳದ್ದು. ಅದರ ಅರ್ಧದಷ್ಟನ್ನು, ಶಾಲೆಗಳಲ್ಲಿ ಕುಳಿತು ಬೇರೆಯವರ ಪಾಠ ನೋಡುವ ಫೀಲ್ಡ್ ಅನುಭವವೂ ಸೇರಿ, ಇಂಟರ್ನ್‌ಷಿಪ್‌ಗೆ ಮೊದಲೇ ಮುಗಿಸಬೇಕು. ಆ ಗಂಟೆಗಳನ್ನು ಲೆಕ್ಕ ತುಂಬಿಸಲಿಕ್ಕೆಂದು ಕಳೆಯಬೇಡಿ. ಅವಕಾಶವಿದ್ದರೆ ಅದೇ ಅವಧಿಯಲ್ಲಿ ಜಿಲ್ಲೆಯಲ್ಲಿ ಸಬ್‌ಸ್ಟಿಟ್ಯೂಟ್ ಶಿಕ್ಷಕರಾಗಿಯೂ ಕೆಲಸ ಮಾಡಿ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಸ್ವಾಗತಿಸುವ ರೂಢಿ, ಹಾಜರಿ, ಬೆಂಕಿ ಮುನ್ನೆಚ್ಚರಿಕೆಯ ಡ್ರಿಲ್, ಹೆಸರು ಹಿಡಿಯದೆ ಮಿಸ್ ಎಂದು ಕರೆಯುವ ಮಕ್ಕಳ ಪರಿಪಾಠ ಎಲ್ಲವೂ ಪರಿಚಯವಾಗುತ್ತವೆ. ಜೊತೆಗೆ ಪ್ರಾಂಶುಪಾಲರು ನಿಮ್ಮ ಮುಖ ಗುರುತಿಟ್ಟುಕೊಳ್ಳುತ್ತಾರೆ. ಅರ್ಜಿಗಳ ರಾಶಿಯಲ್ಲಿ ಹೆಸರು ಗುರುತಿಸುವವರೊಬ್ಬರು ಇರುವುದು ಬಹಳ ಸಹಾಯ.

ವಿಷಯ ಪರೀಕ್ಷೆ ಪಾಸಾಗಿ, ಪೂರ್ವ ತರಬೇತಿ ಮುಗಿದ ಮೇಲೆ ಕಾರ್ಯಕ್ರಮ ನೇಮಕಾತಿ ಅರ್ಹತೆಯ ಪತ್ರ ಕೊಡುತ್ತದೆ. ಜಿಲ್ಲೆಗಳು ಮುಂದಿನ ಶಾಲಾ ವರ್ಷದ ಹುದ್ದೆಗಳನ್ನು ವಸಂತದಿಂದಲೇ ಪ್ರಕಟಿಸತೊಡಗುತ್ತವೆ, ಜಾಬ್ ಫೇರ್‌ಗಳೂ ಆಗಲೇ ನಡೆಯುತ್ತವೆ. ಆದ್ದರಿಂದ ಚಳಿಗಾಲ ಮುಗಿಯುವುದರೊಳಗೆ ವಿಷಯ ಪರೀಕ್ಷೆ ಪಾಸಾಗಿರುವಂತೆ ಹಿಂದಿನಿಂದ ಲೆಕ್ಕ ಹಾಕಿಕೊಂಡು ಹೊರಡಿ. 2025ರಲ್ಲಿ ಶಾಸನಸಭೆ ಅಂಗೀಕರಿಸಿದ ಹೌಸ್ ಬಿಲ್ 2, ಸರ್ಟಿಫಿಕೇಟ್ ಇಲ್ಲದವರನ್ನು ಮುಖ್ಯ ವಿಷಯಗಳಿಗೆ ನೇಮಿಸಿಕೊಳ್ಳುವುದನ್ನು ಹಂತಹಂತವಾಗಿ ಕಡಿಮೆ ಮಾಡಲು ಹೊರಟಿರುವುದರಿಂದ ಅರ್ಹತಾ ಪತ್ರ ಹಿಡಿದು ಬರುವವರ ಬೆಲೆ ಹೆಚ್ಚಿದೆ. ನೇಮಕವಾದ ಮೇಲೆ ಬೆರಳಚ್ಚು ಕೊಟ್ಟು ಹಿನ್ನೆಲೆ ಪರಿಶೀಲನೆ ಮುಗಿಸಿ, ಒಂದು ವರ್ಷದ ಇಂಟರ್ನ್ ಸರ್ಟಿಫಿಕೇಟಿಗೆ ಅರ್ಜಿ ಹಾಕಬೇಕು. ಪಿಪಿಆರ್ ಕೂಡ ಅಷ್ಟರಲ್ಲೇ ಪಾಸಾಗಿದ್ದರೆ ಅದರ ಬದಲು ಪ್ರೊಬೇಷನರಿ ಸರ್ಟಿಫಿಕೇಟ್ ಸಿಗುತ್ತದೆ. ಪಾಠ ಶುರುವಾದ ಮೇಲೆ ರಾತ್ರಿ ಕುಳಿತು ಪಿಪಿಆರ್ ಓದುವುದು ಬಹಳ ಕಷ್ಟ, ಬೇಸಿಗೆಯಲ್ಲೇ ಮುಗಿಸುವುದು ಮೇಲು.

ಇಂಟರ್ನ್ ವರ್ಷ

ಇಂಟರ್ನ್ ಎಂಬ ಹೆಸರು ಕೇಳಿ ಸಹಾಯಕ ಹುದ್ದೆಯೆಂದು ತಿಳಿಯಬೇಡಿ. ನೀವೇ ತರಗತಿಯ ಜವಾಬ್ದಾರಿ ಹೊತ್ತ ಶಿಕ್ಷಕರು. ಸಂಬಳ, ಪೋಷಕರ ಸಭೆ, ಗ್ರೇಡ್ ಎಲ್ಲವೂ ನಿಮ್ಮದೇ. ಶಾಲೆಯಲ್ಲಿ ಒಬ್ಬ ಮೆಂಟರ್ ಶಿಕ್ಷಕರಿರುತ್ತಾರೆ. ಕಾರ್ಯಕ್ರಮದ ಫೀಲ್ಡ್ ಸೂಪರ್‌ವೈಸರ್ ಇಂಟರ್ನ್ ವರ್ಷದಲ್ಲಿ ಕನಿಷ್ಠ ಐದು ಬಾರಿ, ಪ್ರತಿ ಸಲ 45 ನಿಮಿಷ, ಪಾಠ ನೋಡಿ ಲಿಖಿತ ಅಭಿಪ್ರಾಯ ಕೊಡುತ್ತಾರೆ. ಮೊದಲ ಭೇಟಿ ಆರು ವಾರದೊಳಗೆ ಆಗಬೇಕು.

ಆ 45 ನಿಮಿಷದಲ್ಲಿ ಏನು ಕಾಣಬೇಕು? ಒಂಬತ್ತನೇ ತರಗತಿಯ ಆಲ್ಜೀಬ್ರಾ 1 ಎಂದುಕೊಳ್ಳೋಣ. ರಾಜ್ಯದ ಪಠ್ಯಕ್ರಮವಾದ ಟೀಕ್ಸ್‌ನಲ್ಲಿ ಎ.5(ಎ) ಎಂಬ ಅಂಶ, ಎರಡೂ ಬದಿಯಲ್ಲಿ ಚರಾಕ್ಷರವಿರುವ ಏಕಚರ ಸಮೀಕರಣಗಳನ್ನೂ ಬಿಡಿಸಬೇಕು ಎನ್ನುತ್ತದೆ. ಬೋರ್ಡಿನ ಮೇಲೆ ಅಂದಿನ ಗುರಿ ಮಕ್ಕಳಿಗೆ ಅರ್ಥವಾಗುವ ಒಂದು ವಾಕ್ಯದಲ್ಲಿರಬೇಕು. ಮಕ್ಕಳು ಒಳಗೆ ಬರುತ್ತಿದ್ದಂತೆ ಮಾಡಲು ಹಿಂದಿನ ದಿನದ ಪಾಠದ ಎರಡು ಲೆಕ್ಕಗಳು ಸಿದ್ಧವಿರಬೇಕು. ಆ ಐದು ನಿಮಿಷದಲ್ಲಿ ನೀವು ಹಾಜರಿ ಹಾಕುತ್ತಾ ಬೆಂಚುಗಳ ನಡುವೆ ಓಡಾಡಿ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ನೋಡುತ್ತೀರಿ. ನಂತರ ಹತ್ತು ನಿಮಿಷ ಮೀರದ ವಿವರಣೆ. ಆಮೇಲೆ 3(x + 2) = x + 14 ಎಂಬ ಸಮೀಕರಣವನ್ನು ಜೋಡಿಯಾಗಿ ಬಿಡಿಸಿ, x = 4 ಹೇಗೆ ಬಂತೆಂದು ಪಕ್ಕದವರಿಗೆ ಹೇಳಬೇಕು. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ವಾಕ್ಯದ ಆರಂಭವನ್ನು ಬರೆದುಕೊಟ್ಟಿರಬೇಕು. ರಾಜ್ಯದ ಪಬ್ಲಿಕ್ ಸ್ಕೂಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಿಸ್ಪಾನಿಕ್ ಹಿನ್ನೆಲೆಯವರಾಗಿದ್ದು, ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳು ಬಹುಪಾಲು ತರಗತಿಗಳಲ್ಲಿರುತ್ತಾರೆ. ಕೊನೆಯ ಐದು ನಿಮಿಷ ಒಂದೇ ಲೆಕ್ಕದ ಎಕ್ಸಿಟ್ ಟಿಕೆಟ್, ಅಂದರೆ ಮಕ್ಕಳು ಹೊರಡುವಾಗ ಬಿಡಿಸಿ ಕೊಟ್ಟುಹೋಗುವ ಚೀಟಿ. ಅದನ್ನು ತಿರುವಿ ಹಾಕಿದರೆ ನಾಳೆಯ ಪಾಠ ಎಲ್ಲಿಂದ ಎಂಬುದು ತಿಳಿಯುತ್ತದೆ. ಕರಿಹಲಗೆ ತುಂಬ ಬರೆದು, ಮಕ್ಕಳು ನೋಟ್ಸ್ ಇಳಿಸಿಕೊಂಡರೆ ಪಾಠವಾಯಿತು ಎಂಬ ನಮ್ಮ ಕಾಲೇಜುಗಳ ಪದ್ಧತಿಯನ್ನು ಇಲ್ಲಿ ಬಿಟ್ಟೇ ಬರಬೇಕು. ಶಿಕ್ಷಕರನ್ನು ಅಳೆಯಲು ಶಾಲೆ ಬಳಸುವ ಟಿ-ಟೆಸ್ ಮೌಲ್ಯಮಾಪನದಲ್ಲಿ ತಯಾರಿ, ಬೋಧನೆ, ಕಲಿಕೆಯ ವಾತಾವರಣ, ವೃತ್ತಿಧರ್ಮ ಎಂಬ ನಾಲ್ಕು ವಿಭಾಗಗಳಿದ್ದು, ಶಿಕ್ಷಕರು ಎಷ್ಟು ಹೇಳಿದರು ಎನ್ನುವುದಕ್ಕಿಂತ ಮಕ್ಕಳು ಏನು ಮಾಡಿದರು ಎಂಬುದಕ್ಕೇ ತೂಕ ಹೆಚ್ಚು.

ವಿಶೇಷ ಅಗತ್ಯವಿರುವ ಮಕ್ಕಳಿಗೆ ವೈಯಕ್ತಿಕ ಶಿಕ್ಷಣ ಯೋಜನೆ, ಅಂದರೆ ಐಇಪಿ ಇರುತ್ತದೆ. ಟೆಕ್ಸಸ್‌ನಲ್ಲಿ ಅದನ್ನು ತೀರ್ಮಾನಿಸುವ ಸಭೆಗೆ ಎಆರ್‌ಡಿ ಎನ್ನುತ್ತಾರೆ, ಬಾಯಿಮಾತಿನಲ್ಲಿ ಆರ್ಡ್. ಪರೀಕ್ಷೆಗೆ ಹೆಚ್ಚು ಸಮಯ, ಪ್ರಶ್ನೆ ಓದಿ ಹೇಳುವುದು, ಮುಂದಿನ ಸಾಲಿನಲ್ಲಿ ಜಾಗ ಎಂದು ಅದರಲ್ಲಿ ಬರೆದಿದ್ದರೆ ಅದನ್ನು ಪಾಲಿಸುವುದು ಕೇಂದ್ರ ಕಾನೂನಿನ ಪ್ರಕಾರ ಕಡ್ಡಾಯ. ಮೊದಲ ವಾರದಲ್ಲೇ ಎಲ್ಲ ಮಕ್ಕಳ ಇಂಥ ಕಾಗದಗಳನ್ನು ಓದಿ, ಯಾರಿಗೆ ಏನು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಹಾಳೆ ಬೇರೆ ಮಕ್ಕಳ ಕಣ್ಣಿಗೆ ಬೀಳದಿರಲಿ.

ಮೊದಲ ತಿಂಗಳುಗಳು ಬಹಳ ದಣಿಸುತ್ತವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿಟ್ಟುಬಿಡೋಣ ಎನಿಸುವುದು ಅಪರೂಪವಲ್ಲ. ಆದರೆ ಬಿಡುವುದಕ್ಕೆ ಕಾನೂನಿನ ಬೆಲೆಯಿದೆ. ಒಪ್ಪಂದಕ್ಕೆ ಸಹಿ ಹಾಕಿದ ಶಿಕ್ಷಕರು ಪಾಠ ಆರಂಭವಾಗುವ ದಿನಕ್ಕೆ 45 ದಿನ ಮೊದಲು ರಾಜೀನಾಮೆ ಕೊಟ್ಟರೆ ದಂಡವಿಲ್ಲ. ಆ ನಂತರ ಜಿಲ್ಲೆಯ ಒಪ್ಪಿಗೆಯಿಲ್ಲದೆ ಹೊರಟರೆ ಒಪ್ಪಂದ ತೊರೆದರೆಂದು ದೂರು ಹೋಗಿ ಸರ್ಟಿಫಿಕೇಟನ್ನು ಅಮಾನತು ಮಾಡುವ ಅಧಿಕಾರ ರಾಜ್ಯದ ಮಂಡಳಿಗಿದೆ. ಗಂಡನಿಗೋ ಹೆಂಡತಿಗೋ ಕೆಲಸ ಬದಲಾಗಿ ಬೇರೆ ಊರಿಗೆ ಹೋಗಬೇಕಾದದ್ದನ್ನು ನಿಯಮ ಸಕಾರಣವೆಂದು ಪರಿಗಣಿಸುತ್ತದೆ. ಐಟಿ ಮನೆಗಳಲ್ಲಿ ಇದು ಸಾಮಾನ್ಯವಾದ್ದರಿಂದ ವರ್ಗಾವಣೆಯ ಪತ್ರ, ದಿನಾಂಕಗಳನ್ನು ಜೋಪಾನ ಮಾಡಿ, ಜಿಲ್ಲೆಗೆ ಲಿಖಿತವಾಗಿಯೇ ತಿಳಿಸಿ.

ಸಂಬಳದ ಚೀಟಿ ನೋಡುವಾಗ ಒಂದು ಸಂಗತಿ ಗೊತ್ತಿರಲಿ: 8.25 ಶೇಕಡಾ ಹಣ ಟೆಕ್ಸಸ್ ಶಿಕ್ಷಕರ ನಿವೃತ್ತಿ ನಿಧಿಗೆ ಹೋಗುತ್ತದೆ, ಮತ್ತು ಹೆಚ್ಚಿನ ಜಿಲ್ಲೆಗಳಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ಕಡಿತವಿಲ್ಲ, ಅಂದರೆ ಆ ಕೆಲಸದಿಂದ ಅದರ ಕ್ರೆಡಿಟ್‌ಗಳೂ ಬೆಳೆಯುವುದಿಲ್ಲ. ಪಿಂಚಣಿಯ ಹಕ್ಕಿಗೆ ಐದು ವರ್ಷದ ಸೇವೆ ಬೇಕು.

ಸ್ಟ್ಯಾಂಡರ್ಡ್ ಸರ್ಟಿಫಿಕೇಟ್

ವರ್ಷ ಮುಗಿದು, ತರಬೇತಿಯ ಗಂಟೆಗಳು ಪೂರ್ಣವಾಗಿ, ಎಲ್ಲ ಪರೀಕ್ಷೆಗಳೂ ಪಾಸಾಗಿ, ಇಂಟರ್ನ್‌ಷಿಪ್ ಯಶಸ್ವಿಯಾಗಿದೆ ಎಂದು ಶಾಲೆ ಮತ್ತು ಫೀಲ್ಡ್ ಸೂಪರ್‌ವೈಸರ್ ಒಪ್ಪಿದರೆ ಕಾರ್ಯಕ್ರಮ ಶಿಫಾರಸು ಕಳಿಸುತ್ತದೆ. ಅರ್ಜಿಯನ್ನು ನೀವೇ ಹಾಕಬೇಕು. ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲೇ ಹಾಕಿ, ಕಾರ್ಯಕ್ರಮಕ್ಕೆ ಯಾವ ಬಾಕಿಯೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ವರ್ಷದೊಳಗೆ ಪಿಪಿಆರ್ ಆಗದಿದ್ದರೆ ಇಂಟರ್ನ್ ಸರ್ಟಿಫಿಕೇಟಿನ ಅವಧಿ ಮುಗಿದು ಹುದ್ದೆಯೇ ಕೈತಪ್ಪುವ ಅಪಾಯವಿದೆ.

ಸ್ಟ್ಯಾಂಡರ್ಡ್ ಸರ್ಟಿಫಿಕೇಟ್ ಐದು ವರ್ಷಕ್ಕೆ ಸಿಗುತ್ತದೆ, ನವೀಕರಣಕ್ಕೆ ಆ ಅವಧಿಯಲ್ಲಿ 150 ಗಂಟೆಗಳ ವೃತ್ತಿ ತರಬೇತಿ ಪಡೆದಿರಬೇಕು. ಜಿಲ್ಲೆ ಆಗಸ್ಟಿನಲ್ಲಿ ನಡೆಸುವ ಕಾರ್ಯಾಗಾರಗಳೂ ಇದಕ್ಕೆ ಸೇರುವುದರಿಂದ ಪ್ರತಿ ಬಾರಿಯೂ ಪ್ರಮಾಣಪತ್ರವನ್ನು ಕೇಳಿ ಪಡೆದು ಒಂದು ಫೋಲ್ಡರಿನಲ್ಲಿಡಿ. ಅದೇ ಫೋಲ್ಡರಿನಲ್ಲಿ ಮೌಲ್ಯಮಾಪನ ವರದಿ, ಟೆಕ್ಸೆಸ್ ಅಂಕಪಟ್ಟಿಗಳು, ಸೂಪರ್‌ವೈಸರ್ ಬರೆದ ಅಭಿಪ್ರಾಯಗಳು, ಕಾರ್ಯಕ್ರಮ ಮುಗಿಸಿದ ಪತ್ರ ಇವೂ ಇರಲಿ. ಮುಂದೆ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಇಲಾಖೆ ಇವನ್ನೇ ಕೇಳುತ್ತದೆ, ಆ ಹೊತ್ತಿಗೆ ನೀವು ಓದಿದ ಕಾರ್ಯಕ್ರಮ ಮುಚ್ಚಿಹೋಗಿರಲೂಬಹುದು. ಜಿಲ್ಲೆ ಬಿಡುವ ದಿನ ಮಾನವ ಸಂಪನ್ಮೂಲ ಕಚೇರಿಯಿಂದ ಸಹಿ ಹಾಕಿದ ಸರ್ವಿಸ್ ರೆಕಾರ್ಡ್ ಕೇಳಿ ತೆಗೆದುಕೊಳ್ಳಿ; ಹೊಸ ಜಿಲ್ಲೆ ನಿಮ್ಮ ಅನುಭವದ ವರ್ಷಗಳನ್ನು ಸಂಬಳಕ್ಕೆ ಲೆಕ್ಕ ಹಾಕುವುದು ಆ ಕಾಗದವನ್ನು ನೋಡಿಯೇ.